ಮೂರು ಚನ್ನಸಂದ್ರ, ಒಬ್ಬರೇ ಶಾಸ್ತ್ರಿಗಳು

ದಾರಿ ತಪ್ಪುವುದರಲ್ಲೂ ಹಿಂದೆ ಒಂದು ಹಿತವಿತ್ತು ಕಣ್ರೀ. ಕಾಗದದ ಮ್ಯಾಪು ನಂಬಿ ದಾರಿ ತಪ್ಪಿದರೆ ಬೈಯುವುದಕ್ಕೆ ಪಕ್ಕದಲ್ಲೇ ಒಬ್ಬರು ಇರುತ್ತಿದ್ದರು. ನಮ್ಮ ಕಾರಿನಲ್ಲಿ ಮ್ಯಾಪು ಹಿಡಿಯುವುದು ನನ್ನ ಹೆಂಡತಿ ಸುಮಾಳ ಕೆಲಸ. ಬಿಡಿಸಿದರೆ ಮುಂದಿನ ಗಾಜು ಪೂರ್ತಿ ಮುಚ್ಚಿಹೋಗುತ್ತಿತ್ತು, ಮಡಚಿದರೆ ಜಪ್ಪಯ್ಯ ಅಂದರೂ ಹಳೆಯ ಮಡಿಕೆಗೆ ಬರುತ್ತಿರಲಿಲ್ಲ. ನಮಗೆ ಬೇಕಾದ ಬಡಾವಣೆ ಯಾವಾಗಲೂ ಮಡಿಕೆ ಸವೆದು ತೂತಾದ ಜಾಗದಲ್ಲೇ ಇರುತ್ತಿತ್ತು. ವೈಟ್‌ಫೀಲ್ಡ್ ಕಡೆಯಂತೂ ಅದರಲ್ಲಿ ಇರಲೇ ಇಲ್ಲ. ಮಾರತಹಳ್ಳಿ ದಾಟಿದರೆ ಉಪ್ಪಿನಕಾಯಿಯ ಜಾಹೀರಾತು. "ತಲೆಕೆಳಗಾಗಿ ಹಿಡ್ಕೊಂಡಿದೀಯಲ್ಲೇ" ಎಂದು ನಾನು, "ನೀವು ನೆಟ್ಟಗೆ ಓಡಿಸಿದ್ರೆ ತಾನೆ" ಎಂದು ಅವಳು, ಹೀಗೆ ಜಗಳವಾಡುತ್ತಲೇ ಎಲ್ಲಿಗೋ ಒಂದು ಕಡೆ ತಲುಪುತ್ತಿದ್ದೆವು.

ಇಂಥ ಸುಖ ಬಿಟ್ಟು ನಾನು ಜಿಪಿಎಸ್ ಯಂತ್ರ ಕೊಂಡೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ನನ್ನದು ತಪಾಸಣೆಯ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮಾಲನ್ನು ವಾಪಸ್ಸು ಕಳಿಸುವವನು ನಾನು. ಅಂಥವನು ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿ "ಅಣ್ಣ, ಹೆಂಗೆ ಹೋಗ್ಬೇಕು?" ಎಂದು ಕೇಳುವುದೇ? ಕೇಳಿದರೂ ಅವರು ಹೇಳುವುದು ಒಂದೇ: "ಸ್ಟ್ರೈಟ್ ಹೋಗಿ ಸಾರ್, ಮುಂದೆ ಯಾರನ್ನಾದ್ರೂ ಕೇಳಿ." ಯಂತ್ರ ಹಾಗಲ್ಲ. ರಬ್ಬರ್ ಬಟ್ಟಲಿನಿಂದ ಗಾಜಿಗೆ ಕಚ್ಚಿಕೊಂಡು ಕೂತಿರುತ್ತದೆ, ಒಳಗಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ನಾಯಂಡಹಳ್ಳಿಯನ್ನು ಆಕೆ 'ನಯಾಂಡಾ ಹಾಲೀ' ಎಂದಾಗ ಅದು ಸ್ವಿಟ್ಜರ್ಲೆಂಡಿನಲ್ಲಿದೆ ಎನ್ನಿಸುತ್ತಿತ್ತು.

ಅದೇ ಹೊತ್ತಿಗೆ ನನ್ನ ಭಾಮೈದ ಗುರುಪ್ರಸಾದ ಚನ್ನಸಂದ್ರದಲ್ಲಿ ಫ್ಲಾಟು ಕೊಂಡು ಗೃಹಪ್ರವೇಶ ಇಟ್ಟುಕೊಂಡ. ಆ ಮನೆ ನೋಡಲು ಹೆಂಡತಿ ಎಷ್ಟು ಸಲ ಕರೆದರೂ ನಾನು ಓವರ್‌ಟೈಮಿನ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಸುಮಾ ಹಿಂದಿನ ದಿನವೇ ತಮ್ಮನ ಮನೆಗೆ ಹೋದಳು. ನನಗೆ ಉಳಿದದ್ದು ಒಂದೇ ಜವಾಬ್ದಾರಿ: ನಮ್ಮ ಬೀದಿಯ ದೇವಸ್ಥಾನದ ಶಾಸ್ತ್ರಿಗಳನ್ನು ಕಾರಿನಲ್ಲಿ ಕರೆದುಕೊಂಡು ಲಗ್ನ ಮೀರುವುದರೊಳಗೆ ತಲುಪುವುದು. ನನ್ನ ಅತ್ತೆ ಫೋನಿನಲ್ಲಿ, "ಅಳಿಯಂದ್ರೇ, ನಿಮ್ಮನ್ನೇ ನಂಬ್ಕೊಂಡಿದೀವಿ" ಎಂದರು. ಮದುವೆಯಾದಾಗಿನಿಂದ ಅವರು ನನ್ನನ್ನು ನಂಬಿದ್ದು ಅದೇ ಮೊದಲು. ಈ ಸಲ ಎಡವಟ್ಟಾಗಬಾರದು ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ಯಂತ್ರದಲ್ಲಿ ಚನ್ನಸಂದ್ರ ಎಂದು ಒತ್ತಿದರೆ ಅದೇ ಹೆಸರು ಮೂರು ಸಾಲಿನಲ್ಲಿ ಬಂತು. ಸ್ವಾಮಿಗಳ ಹೆಸರಿನ ಹಿಂದೆ ಶ್ರೀ ಶ್ರೀ ಶ್ರೀ ಎಂದು ಹಾಕುವುದಿಲ್ಲವೇ, ಹಾಗೇನೋ ಇರಬೇಕು ಎಂದುಕೊಂಡು ಮೊದಲನೆಯದನ್ನು ಒತ್ತಿದೆ. ರಿಂಗ್ ರೋಡಿಗೆ ಬಂದಾಗ ಯಂತ್ರದ ಹೆಂಗಸು ಹೆಬ್ಬಾಳದ ಕಡೆ ಬೇಡ, ನಾಯಂಡಹಳ್ಳಿ ಕಡೆ ತಿರುಗು ಎಂದಳು. ತಿರುಗಿದೆ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಸೀಟಿನಿಂದ ಶಾಸ್ತ್ರಿಗಳು, "ನಿಮ್ಮ ಭಾಮೈದ ಕೆಲಸ ಮಾಡೋದು ವೈಟ್‌ಫೀಲ್ಡಲ್ಲಿ ಅಂದ್ರಿ. ಅದು ಪೂರ್ವಕ್ಕಲ್ವೇ? ಸೂರ್ಯ ಎಡಗಡೆ ಇದಾನಲ್ಲ?" ಎಂದರು. ನನಗೂ ಅನುಮಾನ ಬಂತು. ಆದರೂ, "ರಿಂಗ್ ರೋಡು ಅಂದ್ರೆ ಉಂಗುರ ಶಾಸ್ತ್ರಿಗಳೇ, ಯಾವ ಕಡೆಯಿಂದ ಹೋದ್ರೂ ಅಲ್ಲಿಗೇ ಬರ್ಬೇಕಲ್ವಾ? ಸ್ಯಾಟಲೈಟಿಗೆ ಮೇಲಿಂದ ಎಲ್ಲಾ ಕಾಣತ್ತೆ" ಎಂದುಬಿಟ್ಟೆ. "ಸೂರ್ಯನೂ ಮೇಲೇ ಇದಾನೆ" ಎಂದರು ಅವರು.

ರಾಜರಾಜೇಶ್ವರಿ ನಗರ ದಾಟಿ, ಎಲ್ಲೆಲ್ಲೋ ತಿರುಗಿ, ಕಾರು ನಿಂತಿತು. ಎದುರಿಗೇ ಹೊಸ ಅಪಾರ್ಟ್‌ಮೆಂಟು, ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ. ನಾನು ಬೀಗುತ್ತಾ ಹಿಂದಕ್ಕೆ ತಿರುಗಿ ನೋಡುವಷ್ಟರಲ್ಲಿ ನಾಲ್ಕಾರು ಜನ ಓಡಿಬಂದು, "ಬಂದ್ರು ಬಂದ್ರು! ಏನ್ ಸ್ವಾಮಿ ಇಷ್ಟ್ ಹೊತ್ತು!" ಎಂದು ಶಾಸ್ತ್ರಿಗಳನ್ನು ಬಹುತೇಕ ಎತ್ತಿಕೊಂಡೇ ಹೋದರು. ಒಂದೂ ಪರಿಚಯದ ಮುಖವಿರಲಿಲ್ಲ. ಭಾಮೈದನ ಹೆಂಡತಿಯ ಕಡೆಯವರಿರಬೇಕು. ಆ ಕಡೆಯವರಲ್ಲಿ ಅರ್ಧ ಜನರನ್ನು ನಾನು ನೋಡಿಯೇ ಇಲ್ಲ. ಸುಮಾ ಅಡುಗೆಮನೆಯಲ್ಲಿರಬೇಕು. ಯಾರೋ ಕೈಗೆ ಕಾಫಿ ಕೊಟ್ಟರು, ಇನ್ಯಾರೋ ಉಪ್ಪಿಟ್ಟು, ಕೇಸರಿಬಾತು ಕೊಟ್ಟರು. ಅಳಿಯನಿಗೆ ಇಷ್ಟು ಉಪಚಾರ ಮಾಡಿದ್ದು ನಮ್ಮ ಮಾವನವರ ಮನೆತನದಲ್ಲೇ ಇಲ್ಲವಲ್ಲ ಎಂದು ಆಗಲೇ ಅನುಮಾನ ಬರಬೇಕಿತ್ತು. ಆಗ ಫೋನು ಬಂತು.

"ಎಲ್ಲಿದೀರಿ ಭಾವ?" ಗುರುಪ್ರಸಾದನ ದನಿ.

"ನಿಮ್ಮನೆ ಹಾಲ್‌ನಲ್ಲೇ ಇದೀನಪ್ಪ."

"ನಾನೂ ಹಾಲ್‌ನಲ್ಲೇ ಇದೀನಿ. ನೀವು ಕಾಣ್ತಾ ಇಲ್ವಲ್ಲ?"

"ಇಲ್ಲೇ, ಫ್ಯಾನ್ ಕೆಳಗೆ. ಕೈ ಎತ್ತಿದೀನಿ ನೋಡು."

"ನಾನೂ ಫ್ಯಾನ್ ಕೆಳಗೇ ನಿಂತಿದೀನಿ ಭಾವ!"

ಎತ್ತಿದ ಕೈ ಹಾಗೇ ಉಳಿಯಿತು. ಪಕ್ಕದಲ್ಲಿ ಕೂತವರನ್ನು "ಇದು ಗುರುಪ್ರಸಾದ್ ಮನೆ ತಾನೆ?" ಎಂದು ಕೇಳಿದೆ. "ಅವರ್ಯಾರು ಸಾರ್? ಇದು ವೆಂಕಟೇಶ್ ಮನೆ" ಎಂದರು. ಭಾಮೈದನದು ಕಾಡುಗೋಡಿ ಪಕ್ಕದ ಚನ್ನಸಂದ್ರ, ನಾನು ಕೂತಿದ್ದದ್ದು ಉತ್ತರಹಳ್ಳಿ ಪಕ್ಕದ ಚನ್ನಸಂದ್ರ, ಮಧ್ಯದಲ್ಲಿ ಇಡೀ ಬೆಂಗಳೂರು. ಇಂಥ ಒಳ್ಳೆಯ ಮುಹೂರ್ತದ ದಿನ ಪುರೋಹಿತರು ಸಿಗುವುದು ಕಷ್ಟ. ವೆಂಕಟೇಶ್ ಅವರ ಪುರೋಹಿತರು ಬೇರೆ ಕಡೆ ಒಪ್ಪಿಕೊಂಡು, "ಇನ್ನೊಬ್ಬರನ್ನ ಕಾರಲ್ಲಿ ಕಳಿಸ್ತೀನಿ" ಎಂದಿದ್ದರಂತೆ. ಆ ಇನ್ನೊಬ್ಬರು ಕೊನೆಯವರೆಗೂ ಬರಲೇ ಇಲ್ಲ. ಅವರ ಕಾರಿನಲ್ಲೂ ಇಂಥದೇ ಯಂತ್ರ ಇದ್ದಿರಬೇಕು.

ನಾನು ಶಾಸ್ತ್ರಿಗಳ ಕಿವಿಯಲ್ಲಿ ವಿಷಯ ಹೇಳಿದೆ. "ಅಯ್ಯೋ, ಸಂಕಲ್ಪ ಆಗ್ಬಿಟ್ಟಿದೆಯಲ್ರೀ, ಈಗ ಹೇಗೆ ಏಳ್ಲಿ?" ಎಂದರು. ಫೋನಿನಲ್ಲಿ ಅತ್ತೆ ಅಳುತ್ತಿದ್ದರು, ಲಗ್ನ ಜಾರುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೊನೆಗೆ ಶಾಸ್ತ್ರಿಗಳೇ, "ಫೋನ್ ಸ್ಪೀಕರಿಗೆ ಹಾಕಿ ಇಲ್ಲಿಡಿ. ಅಲ್ಲೂ ಒಲೆ ಹಚ್ಚಿ ಹಾಲಿಡಲಿ. ಹೋಮ ಆಮೇಲೆ ಬಂದು ಮಾಡ್ತೀನಿ" ಎಂದರು. ಎರಡನೇ ಸಂಕಲ್ಪ ಶುರುವಾಯಿತು: ಜಂಬೂದ್ವೀಪ, ಭರತವರ್ಷ, ಭರತಖಂಡ, ಗೋದಾವರಿಯ ದಕ್ಷಿಣ ತೀರ. ನಾನು ಗಾಬರಿಯಿಂದ, "ವಿಳಾಸ ಸರಿಹೋಗತ್ತಾ ಶಾಸ್ತ್ರಿಗಳೇ?" ಎಂದೆ. "ಗೋದಾವರಿ ದಕ್ಷಿಣಕ್ಕೆ ಅಂದ್ರೆ ಮೂರು ಚನ್ನಸಂದ್ರನೂ ಬರತ್ತೆ, ಸುಮ್ನಿರಿ" ಎಂದರು. ಎರಡೂ ಮನೆಯಲ್ಲಿ ಹಾಲು ಉಕ್ಕಿತು. ವೆಂಕಟೇಶ್ ಮನೆಯವರು ನಮ್ಮ ಹಾಲಿಗೂ ಚಪ್ಪಾಳೆ ತಟ್ಟಿದರು.

ವೆಂಕಟೇಶ್ ಮನೆಯ ಹೋಮ ಮುಗಿಯುವ ಹೊತ್ತಿಗೆ ಊಟಕ್ಕೆ ಎಲೆ ಹಾಕಿದರು. ಇನ್ನೊಂದು ಹೋಮವಿದೆ ಎಂದು ಶಾಸ್ತ್ರಿಗಳು ಊಟ ಬಿಟ್ಟರು. ನನಗೇನೂ ಹೋಮವಿರಲಿಲ್ಲ. "ನಮ್ಮ ಮಾನ ಉಳಿಸಿದ್ರಿ, ಹಾಗೇ ಹೋಗಬಾರದು" ಎಂದು ವೆಂಕಟೇಶ್ ಕೈ ಹಿಡಿದು ಕೂರಿಸಿದರು. ಒಬ್ಬಟ್ಟು ಬಹಳ ಚೆನ್ನಾಗಿತ್ತು.

ನಾವು ಕಾಡುಗೋಡಿ ಕಡೆಯ ಚನ್ನಸಂದ್ರ ತಲುಪಿದಾಗ ಬಂದವರೆಲ್ಲ ಹಸಿದು ಕಾಯುತ್ತಿದ್ದರು. ಹೋಮವಾಗದೆ ಎಲೆ ಹಾಕುವಂತಿಲ್ಲವಲ್ಲ. ನಾನು ಜೋಲುಮುಖ ಮಾಡಿಕೊಂಡು, "ಏನ್ ಟ್ರಾಫಿಕ್ಕು ಅಂತೀರಿ! ಬೆಳಗಿಂದ ತೊಟ್ಟು ನೀರೂ ಕುಡಿದಿಲ್ಲ" ಎಂದು ಗೋಡೆಗೊರಗಿದೆ. ಅತ್ತೆಯ ಮನಸ್ಸು ಕರಗಿಯೇ ಹೋಯಿತು. "ಪಾಪ, ಅಳಿಯಂದ್ರು ನಮಗೋಸ್ಕರ ಎಷ್ಟು ಒದ್ದಾಡಿದಾರೆ, ಯಾರೂ ಒಂದು ಮಾತು ಅನ್ಬೇಡಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಸುಮಾ ನೀರಿನ ಲೋಟ ಹಿಡಿದು ಹತ್ತಿರ ಬಂದಳು. ಕೊಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಳು.

"ರೀ, ನಾಲಗೆ ಯಾಕೆ ಇಷ್ಟು ಕೆಂಪಗಿದೆ? ಊಟ ಆಗಿ ಎಲೆ ಅಡಿಕೆನೂ ಆಯ್ತಾ?"