ಫ್ರಾನ್ಸಿನ ಸಾರು, ಹುಮನಾಬಾದಿನ ಬಸ್ಸು

ಹುಮನಾಬಾದಿನಲ್ಲಿರುವ ನಮ್ಮಕ್ಕ ಇನ್ನೂ ಫ್ರಾನ್ಸಿಗೆ ಹೋಗಿಲ್ಲ. ಅದು ಫ್ರಾನ್ಸಿನ ಪುಣ್ಯ! ಹೋಗಿದ್ದರೆ ಅಲ್ಲಿನ ಅಡುಗೆಯವರನ್ನೆಲ್ಲ ಸಾಲಾಗಿ ಕೂಡಿಸಿ, ಒಗ್ಗರಣೆ ಯಾಕೆ ಹಾಕಿಲ್ಲವೆಂದು ವಿಚಾರಣೆ ನಡೆಸುತ್ತಿದ್ದಳು.

ಮೊಬೈಲು ನೋಡಿ ನೋಡಿ ಅವಳು ಜಪಾನು, ಥಾಯ್ಲೆಂಡುಗಳನ್ನೂ ತನ್ನ ಒಲೆಯ ಮೇಲೆ ಇಳಿಸಿದ್ದಾಳೆ. ತೊಂದರೆ ಏನೆಂದರೆ, ನಮ್ಮ ಮನೆತನದಲ್ಲಿ ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ. ಒಂದಗುಳು ಬಿಡುವಂತಿಲ್ಲ; ಉಂಡ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯಬೇಕು. ಪಾರಾಗುವ ದಾರಿ ಎಲ್ಲಿದೆ ಹೇಳಿ? ಮುಡಬಿಯ ಬೀಗರಂತೂ ಅವಳ ಮನೆಗೆ ಬರುವ ದಿನವೇ ಉಪವಾಸ ಹಿಡಿಯುತ್ತಾರೆ! ನಾನು ಬಸವಕಲ್ಯಾಣದಿಂದ ಹೊರಡುವಾಗ ಹೊಟ್ಟೆನೋವಿನ ಗುಳಿಗೆಯೊಂದನ್ನು ಪರ್ಸಿನಲ್ಲಿಟ್ಟು, ಇನ್ನೊಂದನ್ನು ಸೆರಗಿಗೆ ಕಟ್ಟಿಕೊಳ್ಳುತ್ತೇನೆ. ಪರ್ಸು ಕಳೆದರೆ?

ಜಪಾನಿನ ಸುಶಿ ಮಾಡಿದ ದಿನ ಸಮುದ್ರದ ಪಾಚಿ ಬೇಕಿತ್ತು. ಹುಮನಾಬಾದಿಗೂ ಸಮುದ್ರಕ್ಕೂ ಎಲ್ಲಿಯ ನಂಟು? ಅಕ್ಕ ವೀಳ್ಯದೆಲೆಯಲ್ಲಿ ಅನ್ನ ಸುತ್ತಿದಳು. ಭಾವ ಅದನ್ನು ತಟ್ಟೆಯ ಅಂಚಿಗೆ ಸರಿಸಿ ಬಹಳ ಹೊತ್ತು ಕಾದರು.

"ಎಲಿ ಮೊದಲ ಕೊಟ್ಟೀಯಲ್ಲ, ಊಟ ಯಾವಾಗ?"

"ಅದೇ ಊಟ ರೀ."

ಭಾವ ತುಸು ಯೋಚಿಸಿ ಸುಣ್ಣದ ಡಬ್ಬಿ ತೆಗೆದರು.

ಆಮೇಲೆ ಬಂತು ಫ್ರೆಂಚರ ಉಳ್ಳಾಗಡ್ಡಿ ಸಾರು. ಅದಕ್ಕೆ ದ್ರಾಕ್ಷಿಯ ಮದ್ಯ ಹಾಕಬೇಕಂತೆ. ಅಕ್ಕ ಹುಣಸೆಹುಳಿ ಹಿಂಡಿದಳು. ಮೇಲೆ ತೇಲಬೇಕಾದ ಬ್ರೆಡ್ಡಿನ ಜಾಗಕ್ಕೆ ಜೋಳದ ಕಟಕ ರೊಟ್ಟಿ ಮುರಿದು ಹಾಕಿದಳು. ಹಾಗಾದರೆ ಇದರಲ್ಲಿ ಫ್ರಾನ್ಸಿನದು ಏನು ಉಳಿಯಿತೆಂದು ಕೇಳಿದೆ.

"ಉರಿ," ಅಂದಳು. "ಸಣ್ಣ ಉರಿ ಅವರದು. ಉಳ್ಳಾಗಡ್ಡಿ ಕೆಂಪಾಗೋತನಕ ಒಲಿ ಮುಂದಿಂದ ಏಳಬಾರ್ದು."

ಇದನ್ನು ಓದಿ ನೀವು ನಗುತ್ತಿದ್ದರೆ ಸಾಕು ಮಾಡಿ. ಅಕ್ಕನನ್ನು ನೋಡಿ ನಗುವ ಹಕ್ಕು ಒಡಹುಟ್ಟಿದವಳಿಗೆ ಮಾತ್ರ!

ಅವ್ವ ಇರುವುದು ನನ್ನ ಹತ್ತಿರ. ಈ ಸಲದ ಚಳಿಗಾಲದಲ್ಲಿ ಜ್ವರ ಬಂದು ಹೋದ ಮೇಲೆ ಅವಳ ಬಾಯಿಗೆ ಏನೂ ರುಚಿಸದಾಯಿತು. ಬಡಿಸಿಕೊಂಡರೆ ಉಳಿಯುತ್ತದೆ, ಉಳಿದರೆ ಪ್ರಸಾದಕ್ಕೆ ಅವಮಾನ. ಆದ್ದರಿಂದ ಬಡಿಸಿಕೊಳ್ಳುವುದನ್ನೇ ಬಿಟ್ಟಳು. ಗಂಜಿ ತಂದರೂ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಹೀಗೇ ಆದರೆ ದವಾಖಾನೆಗೆ ಸೇರಿಸಬೇಕಾಗುತ್ತದೆ ಎಂದರು ಡಾಕ್ಟರು. ಇಲ್ಲದ ಚಿಂತೆಗಳನ್ನು ಹುಡುಕಿ ತರುವ ನನಗೆ ಇದ್ದ ಚಿಂತೆ ತಡೆಯಲಾಗಲಿಲ್ಲ. ಫೋನಿನಲ್ಲಿ ಅಕ್ಕನೆದುರು ಅತ್ತುಬಿಟ್ಟೆ.

ಮರುದಿನ ಅಕ್ಕ ಬಸ್ಸಿಳಿದಳು. ಎದೆಗವಚಿಕೊಂಡ ಡಬ್ಬಿಯಲ್ಲಿ ಅದೇ ಸಾರು! ಈ ಹೊತ್ತಿನಲ್ಲೂ ಫ್ರಾನ್ಸೇ? ಅವಳು ನೆಟ್ಟಗೆ ಮನೆಯೊಳಗೆ ನಡೆದಳು. ತಟ್ಟೆಗೆ ರೊಟ್ಟಿ ಮುರಿದು, ಮೇಲೆ ಸಾರು ಹೊಯ್ದು ಅವ್ವನೆದುರು ಕೂತಳು.

"ಬ್ಯಾಡ ಮಗಳ, ಉಳೀತದ."

"ಉಳೀಲಿ. ನಾ ಸಣ್ಣಾಕಿದ್ದಾಗ ಬಿಟ್ಟಿದ್ದೆಲ್ಲ ನೀ ಉಣ್ಣತಿದ್ದಿ. ಈಗ ನೀ ಬಿಡು, ನಾ ಉಣ್ತೀನಿ."

ಅವ್ವ ಅವಳನ್ನೇ ನೋಡಿದಳು. ಅಡ್ಡ ಹಿಡಿದ ಕೈ ನಿಧಾನ ಸರಿಯಿತು. ಒಂದು ತುತ್ತು. ಇದು ಫ್ರಾನ್ಸಿನ ಸಾರೆಂದು ಅಕ್ಕ ಹೇಳಿದ್ದಕ್ಕೆ, ಆ ದೇಶದ ಮಂದಿಗೆ ಜೋಳ ಎಲ್ಲಿ ಸಿಗುತ್ತದೆಂದು ವಿಚಾರಿಸಿದಳು. ಮತ್ತೊಂದು ತುತ್ತು. ಅಕ್ಕ ತನ್ನ ಪಾಲಿಗಾಗಿ ಕೈ ಚಾಚಿಕೊಂಡೇ ಕಾದಳು.

ಅವ್ವ ತಟ್ಟೆಗೆ ನೀರು ಹಾಕಿದಳು. ಬೆರಳಾಡಿಸಿ ತೊಳೆದು ಆ ನೀರನ್ನೂ ಕುಡಿದಳು. ಖಾಲಿ ತಟ್ಟೆಯನ್ನು ಅಕ್ಕನ ಕೈಯಲ್ಲಿಟ್ಟಳು.