ತೆರಿಗೆಗೆ ಇಲ್ಲದ ಗಂಡ, ವಿಮೆಗೆ ಇರುವ ಗಂಡ

"ಆಡಿಟರಿಗೆ ದುಡ್ಡು ಸುರಿಯೋಕೆ ನಮ್ಮನೇಲೇನು ಟಂಕಸಾಲೆ ಇದೆಯಾ? ನೀವು ಸುಮ್ನಿರಿ. ಎರಡು ದೇಶಾನೂ ನಾನೊಬ್ಬಳೇ ನೋಡ್ಕೋತೀನಿ!"

ಫೋನಿನಲ್ಲಿ ಗಂಡನಿಗೆ ಹೀಗೆ ರಣಕಹಳೆ ಊದಿದವಳು ಜೋಪಾನಮ್ಮ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಮಗು ಕೆಮ್ಮಿದರೆ ಜೋಪಾನ, ಗಾಳಿ ಬೀಸಿದರೆ ಜೋಪಾನ, ಬೀಸದಿದ್ದರೆ ಇನ್ನೂ ಜೋಪಾನ ಎನ್ನುತ್ತಿದ್ದವಳಿಗೆ ಗಂಡ ಕೊಟ್ಟ ಬಿರುದು ಇದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಅವಳಿಗೆ ಅರ್ಧ ದಿನದ ಕೆಲಸ. ಗಂಡ ಗಡಿಯಾಚೆಯ ದೇಶದಲ್ಲಿ ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಇಳಿಸುವುದು ಅವನ ಕಸುಬು. ಎರಡು ದೇಶಗಳ ನಡುವೆ ಸಿಕ್ಕಿಕೊಂಡ ಅವನನ್ನು ಇಳಿಸುವವರು ಮಾತ್ರ ಯಾರೂ ಇರಲಿಲ್ಲ. ತಿಂಗಳಿಗೆ ಎರಡು ಸಲ ರೈಲಿನಲ್ಲಿ ಬರುತ್ತಿದ್ದ, ನಿದ್ದೆ ಮಾಡುತ್ತಿದ್ದ, ಹೋಗುತ್ತಿದ್ದ.

ಆಗ ಎದ್ದರು ನೋಡಿ, ಇಲ್ಲಿನ ತೆರಿಗೆಯವರು! ಹೆಂಡತಿ ಮಗು ಇಲ್ಲಿರುವಾಗ ಈ ಮನುಷ್ಯನ ಬಾಳೂ ಇಲ್ಲೇ ಇದ್ದಂತೆ, ಅಲ್ಲಿ ಕಟ್ಟಿದ ತೆರಿಗೆ ಸಾಲದು, ಇಲ್ಲೂ ಕಟ್ಟಲಿ ಎಂದರು. ಹಾಗಾಗಿ ಗಂಡ ಇಲ್ಲಿ ಬಾಳುತ್ತಿಲ್ಲ ಎಂದು ಸಾಧಿಸಬೇಕಿತ್ತು. ಸಾಧಿಸಬಹುದಿತ್ತು ಕೂಡ, ಅದೇ ಕಟ್ಟಡದ ಪಕ್ಕದ ಕಿಟಕಿಯಲ್ಲಿ ವಿಮೆಯವರು ಕೂತಿರದಿದ್ದರೆ. ಗಡಿಯಾಚೆ ಅವನ ಸಂಬಳದಿಂದ ಮುರಿದುಕೊಳ್ಳುವ ಸಾಮಾಜಿಕ ವಿಮೆಯ ವಂತಿಗೆಯಿಂದಲೇ ಇಲ್ಲಿ ಮಗಳ ಚಿಕಿತ್ಸೆ ನಡೆಯುತ್ತಿದ್ದುದು. ಆದರೆ ಅಪ್ಪ, ಮಗು ಒಂದೇ ಸೂರಿನಡಿ ಬಾಳುತ್ತಿದ್ದರೆ ಮಾತ್ರ!

ಎರಡು ವರ್ಷದ ಮಗಳ ಕಿವಿಗೆ ಸೋಮವಾರ ಆಪರೇಷನ್ ನಿಗದಿಯಾಗಿತ್ತು. ಕಿವಿ ಸೋರಿ ಸೋರಿ ಮಗು ಬಲಮಗ್ಗುಲಿಗೆ ಮಲಗುವುದನ್ನೇ ಮರೆತಿತ್ತು. ವಿಮೆಯ ಕಾರ್ಡು ನಿಂತರೆ ಆಪರೇಷನ್ನೂ ನಿಂತಂತೆ.

ಜೋಪಾನಮ್ಮ ಎದೆಗುಂದಲಿಲ್ಲ. ಮೊದಲ ಕಿಟಕಿಯಲ್ಲಿ "ನಮ್ಮವರು ಇಲ್ಲಿಲ್ಲ ಸಾರ್" ಎಂದು ಕಣ್ಣು ಒದ್ದೆ ಮಾಡಿಕೊಂಡಳು. ಎರಡನೆಯದರಲ್ಲಿ "ನಮ್ಮವರು ನಮ್ಮ ಜೊತೇಲೇ ಇರೋದು ಮೇಡಂ" ಎಂದು ನಕ್ಕಳು. ಮನೆ ನೋಡಲು ತೆರಿಗೆಯವರು ಗುರುವಾರ, ವಿಮೆಯವರು ಶನಿವಾರ ಬರುವುದೆಂದಾಯಿತು. ಆಹಾ! ಗುರುವಾರ ಗಂಡನನ್ನು ಮಾಯ ಮಾಡುವುದು, ಶನಿವಾರ ಪ್ರತ್ಯಕ್ಷ ಮಾಡುವುದು!

"ರೀ, ಯಾರಾದ್ರೂ ಕೇಳಿದ್ರೆ 'ನಾನಿಲ್ಲಿ ಇರೋದಿಲ್ಲ' ಅನ್ನಿ. ಶನಿವಾರ ಮಾತ್ರ 'ಇರ್ತೀನಿ' ಅನ್ನಿ."

"ಭಾನುವಾರ?"

"ಭಾನುವಾರ ಬಾಯಿ ಮುಚ್ಕೊಂಡಿರಿ!"

ಗುರುವಾರ ಬೆಳಗ್ಗೆ ಅವಳು ಗಂಡನ ಕುರುಹು ಅಳಿಸಲು ಸೆರಗು ಬಿಗಿದು ನಿಂತಳು. ಕ್ಷೌರದ ಬ್ರಷ್ಷು, ಚಪ್ಪಲಿ, ಎರಡು ಅಂಗಿ, ಒಂದು ಕೋಟು, ಮದುವೆಯ ಫೋಟೊ. ಅರ್ಧ ದಿನ ಹಿಡಿಯುವ ಕೆಲಸವೆಂದು ಕ್ಲಿನಿಕ್ಕಿಗೆ ರಜೆ ಹಾಕಿದ್ದಳು, ಹಾಲು ಉಕ್ಕುವಷ್ಟರಲ್ಲಿ ಮುಗಿದುಹೋಯಿತು. ನಾಲ್ಕು ವರ್ಷದ ದಾಂಪತ್ಯ ಒಂದು ತರಕಾರಿ ಚೀಲದಲ್ಲಿ ಹಿಡಿಸಿ, ಮೇಲೆ ಒಂದು ಕೋಸು ಇಡುವಷ್ಟು ಜಾಗ ಉಳಿಯಿತು! ಚೀಲವನ್ನು ಹಜಾರದ ಮೂಲೆಯ ವಾಷಿಂಗ್ ಮೆಷಿನ್ನಿಗೆ ತುರುಕಿ ಬಾಗಿಲು ಹಾಕಿದಳು.

ತಪಾಸಣೆಯವರು ಬಂದರು. ತೆಳ್ಳನೆಯ, ದಣಿದ ಮನುಷ್ಯ. ಸೋಫಾದ ಮೇಲಿದ್ದ ಆಟದ ಆನೆಯನ್ನು ಸರಿಸಿ ಕೂತರು.

"ಗಂಡ ಇಲ್ಲಿ ವಾಸವಿದ್ದಾರೇನಮ್ಮ?"

"ಇಲ್ಲ ಸಾರ್! ಸುಳಿವೂ ಇಲ್ಲ. ಬೇಕಾದ್ರೆ ಮನೆಯೆಲ್ಲ ನೋಡಿ."

ಅವರು ಬರೆದುಕೊಂಡು ಇನ್ನೊಂದು ಹಾಳೆ ತೆಗೆದರು. "ಸರಿ. ಈಗ ವಿಮೆಯದು. ಮಗುವಿನ ತಂದೆ ಇಲ್ಲಿ ವಾಸವಿದ್ದಾರೇನಮ್ಮ?"

ಜೋಪಾನಮ್ಮನ ಕಾಲ ಕೆಳಗಿನ ನೆಲ ಲಿಫ್ಟಿನಂತೆ ಕೆಳಗಿಳಿಯಿತು. "ವಿಮೆಯವರು... ಶನಿವಾರ ಅಲ್ವಾ ಸಾರ್?"

"ಖರ್ಚು ಕಡಿಮೆ ಮಾಡ್ಬೇಕೂಂತ ಎರಡೂ ಇಲಾಖೆಗೆ ನನ್ನೊಬ್ಬನನ್ನೇ ಇಟ್ಟಿದ್ದಾರಮ್ಮ. ಬಂದಿದ್ದು ಬಂದಿದ್ದೀನಿ, ಒಟ್ಟಿಗೇ ಮುಗಿಸೋಣ. ಇದ್ದಾರಾ?"

"ಇ... ದ್ದಾರೆ."

"ಈಗ ತಾನೇ ಸುಳಿವೂ ಇಲ್ಲ ಅಂದ್ರಿ?"

"ಅದು ಮಗಳ ಅಪ್ಪ ಇದ್ದಾರೆ ಸಾರ್. ನನ್ನ ಗಂಡ ಇಲ್ಲ."

"ಅಳಿಯ ಅಲ್ಲ, ಮಗಳ ಗಂಡ! ಅಲ್ವಾ?" ಎಂದರು ಅವರು, ನಗದೆ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಸಾಕ್ಷಾತ್ ಗಂಡ! ಶನಿವಾರ ಬರಬೇಕಾದವನು ಮಗಳ ಆಪರೇಷನ್ನಿಗೆಂದು ರಜೆ ಗಿಟ್ಟಿಸಿ ಎರಡು ದಿನ ಮೊದಲೇ ಬಂದಿದ್ದ, ಹೆಂಡತಿಗೆ ಸಂತೋಷವಾಗಲಿ ಎಂದು ಹೇಳಿರಲಿಲ್ಲ. ಒಳಗೆ ಫೈಲು ಹಿಡಿದ ಮನುಷ್ಯನನ್ನು ಕಂಡದ್ದೇ, ಕಲಿಸಿದ ಪಾಠವನ್ನು ಗಿಳಿಯಂತೆ ಒಪ್ಪಿಸಿದ.

"ನಮಸ್ಕಾರ! ನಾನಿಲ್ಲಿ ಇರೋದಿಲ್ಲ!"

ಜೋಪಾನಮ್ಮ ಕಣ್ಣು, ಹುಬ್ಬು, ಮೂಗು ಎಲ್ಲವನ್ನೂ ಕುಣಿಸಿದಳು.

"ಅಂದ್ರೆ... ಇರ್ತೀನಿ! ಇವತ್ತು ಶನಿವಾರನೇನೇ?"

"ಬೆಲ್ ಮಾಡಿದ್ರಲ್ಲ, ಬೀಗದ ಕೈ ಇಲ್ವಾ?" ಎಂದು ಕೇಳಿದರು ತಪಾಸಣೆಯವರು.

"ಇದೆ ಸಾರ್. ಆ ರೂಮಲ್ಲಿ... ಅಂದ್ರೆ ಆ ಊರಲ್ಲಿದೆ."

ಅವರು ಪೆನ್ನು ಕೆಳಗಿಟ್ಟರು. "ಬಿಸಿಲು ಜಾಸ್ತಿ. ಒಂದು ಲೋಟ ನೀರು ಕೊಡ್ತೀರಾ? ಕೂತ್ಕೊಳ್ಳಿ ಅಮ್ಮ, ನೀವಲ್ಲ. ಯಜಮಾನ್ರು ತರ್ಲಿ."

ಗಂಡ ಗತ್ತಿನಿಂದ ಅಡುಗೆಮನೆಗೆ ಹೋದ, ಮೂಲೆಯಲ್ಲಿ ಆಡುತ್ತಿದ್ದ ಮಗಳೂ ಹಿಂದೆಯೇ ಓಡಿದಳು. ಒಂದು ಬಾಗಿಲು ತೆರೆದ ಸದ್ದು. ಅದರಲ್ಲಿ ಡೈಪರುಗಳಿದ್ದವು. ಇನ್ನೊಂದು ಬಾಗಿಲು. ಅದರಲ್ಲಿ ಪಾತ್ರೆಗಳಿದ್ದವು, ಈಗ ನೆಲದ ಮೇಲಿದ್ದವು. ಮೂರನೆಯದರಲ್ಲಿ ಪೊರಕೆ. ಜೋಪಾನಮ್ಮ ಕೂತಲ್ಲೇ ಬೆವತಳು. ಲೋಟಗಳು ಮೊದಲು ಸಿಂಕಿನ ಕೆಳಗಿದ್ದವು. ಮಗಳು ನಡೆಯಲು ಕಲಿತ ಮೇಲೆ ಗಾಜು ಒಡೆದೀತೆಂದು ಅವಳೇ ಒಲೆಯ ಪಕ್ಕದ ಎತ್ತರದ ಕಪಾಟಿಗೆ ಏರಿಸಿದ್ದಳು. ಗಂಡನಿಗೆ ಹೇಳಿರಲಿಲ್ಲ. ಯಾವಾಗ ಹೇಳಬೇಕಿತ್ತು? ಫೋನಿನಲ್ಲಿ ಬಾಡಿಗೆ, ತೆರಿಗೆ, ವಂತಿಗೆ, ಕಿವಿಯ ಹನಿ, ಇಷ್ಟು ಮುಗಿಯುವಷ್ಟರಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಆಕಳಿಕೆ ಬರುತ್ತಿತ್ತು.

"ಲೋಟ ಎಲ್ಲಿದ್ಯೇ?" ಎಂದು ಒಳಗಿನಿಂದ ಕೂಗು ಬಂತು.

ತಪಾಸಣೆಯವರು ಎರಡೂ ಹಾಳೆಗಳಲ್ಲಿ ಒಂದೇ ಮಾತು ಬರೆದರು. "ತೆರಿಗೆದು ನೀವು ಗೆದ್ರಿ ಅಮ್ಮ. ಅವರು ಇಲ್ಲಿ ವಾಸವಿಲ್ಲ. ಚೀಲ ಬಚ್ಚಿಡೋ ಕಷ್ಟ ಬೇಕಿರಲಿಲ್ಲ, ಆ ಮೆಷಿನ್ನಿನ ಬಾಗಿಲು ಗಾಜಿಂದು."

"ಮಗಳ ಕಾರ್ಡು?"

"ಅದು ನಿಲ್ಲತ್ತೆ."

"ಸೋಮವಾರ ಆಪರೇಷನ್ ಸಾರ್!" ಈ ಸಲ ಕಣ್ಣು ತಾನಾಗಿಯೇ ಒದ್ದೆಯಾಗಿತ್ತು. "ಅವರ ಸಂಬಳದಲ್ಲಿ ತಿಂಗಳು ತಿಂಗಳೂ ಮುರ್ಕೋತಾರೆ. ಅದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾ?"

ಅವರು ಆನೆಯ ಸೊಂಡಿಲನ್ನು ಸ್ವಲ್ಪ ಹೊತ್ತು ತಿರುವಿದರು. "ಒಂದು ದಾರಿ ಇದೆ. ನಿಮ್ಮದೇ ಅರ್ಧ ದಿನದ ಕೆಲಸದ ವಂತಿಗೆ ಮೇಲೆ ನಾಳೆನೇ ಕಾರ್ಡು ಮಾಡಿಸ್ಬಹುದು. ಮಗೂನ ನೀವೊಬ್ಬರೇ ಸಾಕ್ತಿದ್ದೀರಿ ಅಂತ ಸಹಿ ಹಾಕ್ಬೇಕು."

ಅಡುಗೆಮನೆಯಲ್ಲಿ ಏನೋ ಉರುಳಿತು. ಜೋಪಾನಮ್ಮ ಪೆನ್ನು ಹಿಡಿದಳು.

"ಇದಕ್ಕೆ ಸಾಕ್ಷಿ ಏನು ಕೊಡ್ಬೇಕು ಸಾರ್? ಫೋಟೊ, ರಸೀದಿ..."

"ಏನೂ ಬೇಡಮ್ಮ. ನೋಡಿದೆನಲ್ಲ."

ಇಷ್ಟು ದಿನದಲ್ಲಿ ಅವಳು ಹೇಳಿದ ಮಾತುಗಳಲ್ಲಿ ಸರ್ಕಾರ ಸಾಕ್ಷಿ ಕೇಳದೆ ನಂಬಿದ್ದು ಇದೊಂದನ್ನೇ! ಸಹಿ ಹಾಕಿದಳು. ಅವರು ಎದ್ದು, ಆನೆಯನ್ನು ಇದ್ದ ಜಾಗದಲ್ಲೇ ಕೂರಿಸಿ, ಮೆಲ್ಲಗೆ ಬಾಗಿಲೆಳೆದುಕೊಂಡು ಹೋದರು.

"ಸಿಕ್ತು! ಸಿಕ್ತು!" ಗಂಡ ವಿಜಯೋತ್ಸವದ ಮೆರವಣಿಗೆಯಲ್ಲಿ ಹೊರಬಂದ. ಮುಂದೆ ಮಗಳು, ಅವನ ಬೆರಳು ಹಿಡಿದುಕೊಂಡು. ಕಪಾಟು ತೋರಿಸಿದ್ದು ಅವಳೇ. ಅವನ ಕೈಯಲ್ಲಿ ತುಂಬಿದ ಲೋಟ.

"ಅರೆ, ಎಲ್ಲಿ ಅವರು?"

"ಹೋದ್ರು."

"ಮತ್ತೆ ಈ ನೀರು?"

ಜೋಪಾನಮ್ಮ ಆನೆಯನ್ನು ಎತ್ತಿಕೊಂಡು ಸೋಫಾದಲ್ಲಿ ಜಾಗ ಮಾಡಿದಳು.

"ಕೂತ್ಕೊಳ್ಳಿ, ನೀವೇ ಕುಡೀರಿ. ದೂರದಿಂದ ಬಂದಿದ್ದೀರಿ."