ನಮ್ಮ ಸಾಹೇಬನಿಗೊಂದು ಜೋಡಿ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಮದುವೆ ಮಾಡಿಸುವ ಚಟ. ಒಂಟಿಯಾಗಿರುವ ಯಾವುದನ್ನು ಕಂಡರೂ ನನ್ನ ಜೀವ ತಳಮಳಿಸುತ್ತದೆ. ಜೊತೆ ತಪ್ಪಿದ ಕಪ್ಪಿಗೊಂದು ಬಸಿ ಹುಡುಕಿ ತರುವವರೆಗೆ ನನಗೆ ಸಮಾಧಾನವಿಲ್ಲ. ಇದೆಲ್ಲ ನೌಕರಿಯಿಂದ ಅಂಟಿದ ರೋಗ. ಬೀದರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ನಾನು. ಆ ಕಾಲಕ್ಕೆ ಭಾಲ್ಕಿಯವರು ಔರಾದಿನವರ ಜೊತೆ ಮಾತಾಡಬೇಕಾದರೂ ನಡುವೆ ನಾನಿರಬೇಕಾಗಿತ್ತು. ಯಾರ ಮಗಳು ಓದು ಮುಗಿಸಿದಳು, ಯಾರ ಮಗನಿಗೆ ನೌಕರಿ ಹತ್ತಿತು ಎಂಬುದೆಲ್ಲ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಬೇಡವೆಂದು ನಾನು ಯಾವತ್ತೂ ಅಂದಿರಲಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಾರೆ, ಅದಿರಲಿ. ನಿವೃತ್ತಿಯಾದ ಮೇಲೆ ತಂತಿ ಜೋಡಿಸುವುದು ಬಿಟ್ಟು ಮನೆತನ ಜೋಡಿಸತೊಡಗಿದೆ. ಕೈ ಸುಮ್ಮನಿರಬೇಕಲ್ಲ?

ಆದರೆ ಆ ವರ್ಷ ಕೈ ಸುಮ್ಮನಾಯಿತು. ಹಿಂದಿನ ವರ್ಷ ಕೈಕೊಟ್ಟ ಮಳೆ ಆ ವರ್ಷವೂ ಬರಲಿಲ್ಲ. ಬೀದರಿನ ನಲ್ಲಿಗಳು ನೀರಿನ ಬದಲು ಗಾಳಿ ಬಿಟ್ಟು ಗೊರಕೆ ಹೊಡೆಯುತ್ತಿದ್ದವು. ಓಣಿಗೆ ಟ್ಯಾಂಕರ್ ಬಂದರೆ ಮದುವೆ ದಿಬ್ಬಣ ಬಂದಷ್ಟು ಗದ್ದಲ. ಹಳ್ಳಿಗಳಿಂದ ಜನ ಹೈದರಾಬಾದು, ಪುಣೆ ಎಂದು ಕೆಲಸ ಹುಡುಕಿಕೊಂಡು ಹೊರಟಿದ್ದರು. ಮೊದಲೆಲ್ಲ ಹೆಣ್ಣಿನ ಕಡೆಯವರು, "ಹೊಲ ಎಷ್ಟು ಅದರಿ?" ಎಂದು ಕೇಳುತ್ತಿದ್ದರು. ಈಗ ಅವರ ಮೊದಲ ಪ್ರಶ್ನೆ, "ನೀರು ಎಷ್ಟು ದೂರ ಅದರಿ?" ಆ ಒಂದು ಪ್ರಶ್ನೆಗೇ ಸಂಬಂಧಗಳು ಮುರಿದುಬೀಳುತ್ತಿದ್ದವು.

ಹೀಗೆ ನಾನು ನಿರುದ್ಯೋಗಿಯಾಗಿ ಕೂತಿದ್ದಾಗಲೇ ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿದ್ದ ಸಂಜು ತನ್ನ ಮೊಬೈಲ್ ರಿಪೇರಿ ಅಂಗಡಿ ಮುಚ್ಚಿ ಪುಣೆಗೆ ಹೊರಟ. ಹೋಗುವಾಗ ಗಾಜಿನ ದೊಡ್ಡ ತೊಟ್ಟಿಯೊಂದನ್ನು ನಮ್ಮ ಪಡಸಾಲೆಯಲ್ಲಿ ಇಳಿಸಿದ. ಒಳಗೆ ಕಲ್ಲುಗಳ ಗುಡ್ಡೆ. ಗುಡ್ಡೆಯ ಮುಂದೆ ತಿಳಿನೀಲಿ ಬಣ್ಣದ ಒಂದೇ ಒಂದು ಮೀನು.

"ಮೌಶಿ, ಇದಕ್ಕ ಸಿಕ್ಲಿಡ್ ಅಂತಾರ. ಆಫ್ರಿಕಾದ ಕೆರಿದು. ಸ್ವಲ್ಪ ಸಿಟ್ಟಿನ ಪ್ರಾಣಿ, ಆದ್ರ ಮನಸು ಛಲೋ ಅದ," ಎಂದ.

ಆ ಮೀನಿನ ಠೀವಿ ನೋಡಬೇಕು. ಬೆಳಗಾಗೆದ್ದು ಬಾಯಿಂದ ಮರಳು ತೋಡಿ ತನ್ನ ಗುಹೆಯ ಬಾಗಿಲು ಹಸನು ಮಾಡುವುದು, ಆಮೇಲೆ ಗಸ್ತು ತಿರುಗುವುದು, ಗಾಜಿನ ಹತ್ತಿರ ಬೆರಳು ತಂದರೆ ಗುಮ್ಮಲು ಬರುವುದು. ಯಜಮಾನರು ಅದಕ್ಕೆ 'ಸಾಹೇಬ' ಎಂದು ಹೆಸರಿಟ್ಟರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದ ಅವರಿಗೆ ಶಿಸ್ತಿನ ಪ್ರಾಣಿಗಳೆಂದರೆ ಗೌರವ. ನನಗೆ ಮಾತ್ರ ಅದರ ಒಂಟಿತನ ಕಣ್ಣು ಚುಚ್ಚುತ್ತಿತ್ತು.

"ಇವನಿಗೊಂದು ಜೋಡಿ ನೋಡಬೇಕು," ಎಂದೆ.

"ಅದು ಆರಾಮ ಅದ. ಅದಕ್ಯಾಕ ಸಂಸಾರದ ಉಸಾಬರಿ?" ಎಂದರು ಯಜಮಾನರು. ಇಷ್ಟು ವರ್ಷ ಸಂಸಾರ ಮಾಡಿದವರ ಬಾಯಲ್ಲಿ ಇಂಥ ಮಾತು! ಅವತ್ತೇ ಚೀಲ ಹಿಡಿದು ಚೌಬಾರಾ ಗೋಪುರದ ಕಡೆಯ ಮೀನಿನ ಅಂಗಡಿಗೆ ಹೊರಟೆ.

ಅಂಗಡಿಯ ಖದೀರಭಾಯಿ ನನಗೆ ದೇವದೂತನ ಹಾಗೆ ಅಡ್ಡಾಡುವ ಒಂದು ಮೀನು ತೋರಿಸಿದ. ಬಿಳಿ ಮೈ, ಕರಿ ಪಟ್ಟೆ, ಸೆರಗಿನಂತೆ ಇಳಿಬಿದ್ದ ರೆಕ್ಕೆ. ಹೆಸರು ಏಂಜಲ್.

"ಆಪಾ, ಬೇಫಿಕರ್ ಇರ್ರಿ. ಅದೂ ಸಿಕ್ಲಿಡ್, ಇದೂ ಸಿಕ್ಲಿಡ್. ಒಂದೇ ಖಾನ್ದಾನ್. ಸ್ವಭಾವ ಭಾಳ ಶರೀಫ್," ಎಂದ.

ಖಾನ್ದಾನ್ ಒಂದೇ, ಸ್ವಭಾವ ಶಾಂತ. ಈ ಮಾತುಗಳನ್ನು ನಾನು ಎಷ್ಟು ಮನೆಗಳ ಪಡಸಾಲೆಯಲ್ಲಿ ಕೂತು ಹೇಳಿಲ್ಲ! ಹೇಳಿ ಹೇಳಿ ರೂಢಿಯಾಗಿತ್ತೇ ಹೊರತು, ಕೇಳಿಸಿಕೊಂಡು ರೂಢಿಯಿರಲಿಲ್ಲ. ಹೀಗಾಗಿ ನಂಬಿಬಿಟ್ಟೆ. ಮನೆಗೆ ತಂದು ಬಿಟ್ಟರೆ, ಸಂಜೆಯ ಚಹಾ ಕುದಿಯುವಷ್ಟರಲ್ಲಿ ಏಂಜಲಿನ ಸೆರಗು ಚಿಂದಿಯಾಗಿತ್ತು. ಬಕೆಟ್ಟಿನಲ್ಲಿ ಹೊತ್ತುಕೊಂಡು ಅಂಗಡಿಗೆ ಓಡಿದೆ. ಖದೀರಭಾಯಿ ಆಗ ಪೂರ್ತಿ ವಂಶಾವಳಿ ಬಿಚ್ಚಿದ. ಹೆಸರು ಒಂದೇ ಆದರೂ ಏಂಜಲ್ ಅಮೆಜಾನ್ ನದಿಯ ಕಡೆಯದು, ಅದಕ್ಕೆ ಮೆದು ನೀರು ಬೇಕು. ನಮ್ಮ ಸಾಹೇಬನದು ಕಲ್ಲು ಬಂಡೆಯ ಕೆರೆ, ಅವನಿಗೆ ಗಡಸು ನೀರೇ ಆಗಬೇಕು. ನಮ್ಮ ಟ್ಯಾಂಕರ್ ನೀರೋ, ಬೇಳೆ ಬೇಯದು, ಕೊಡದ ತಳಕ್ಕೆ ಸುಣ್ಣ ಬಳಿದಂತೆ ಬಿಳಿ ಪದರು. ಇಡೀ ಬೀದರು ಶಪಿಸುತ್ತಿದ್ದ ಆ ನೀರಿನಲ್ಲಿ ಸುಖವಾಗಿದ್ದವನು ನಮ್ಮ ಸಾಹೇಬನೊಬ್ಬನೇ.

ಹಾಗೆಂದು ಬರಗಾಲದಲ್ಲಿ ಮೀನಿಗೆ ನೀರು ಎರೆಯುವವಳೆಂಬ ಮಾತು ಬರದೇ ಇರಲಿಲ್ಲ. ಟ್ಯಾಂಕರಿನ ಸಾಲಿನಲ್ಲಿ ನನ್ನ ಹಿಂದೆ ಮುಂದೆ ಗುಸುಗುಸು ನಡೆದಿತ್ತು. ಆದರೆ ತೊಟ್ಟಿಯಿಂದ ತೆಗೆದ ಹಳೆ ನೀರನ್ನೆಲ್ಲ ನಾನು ಅಂಗಳದ ಕರಿಬೇವಿಗೆ ಹಾಕುತ್ತಿದ್ದೆ. ಓಣಿಯಲ್ಲಿ ಹಸಿರಾಗಿ ಉಳಿದ ಗಿಡ ಅದೊಂದೇ. ಒಗ್ಗರಣೆಯ ಹೊತ್ತಿಗೆ ಎಲ್ಲರೂ ಬಂದು ಎಸಳು ಕಿತ್ತುಕೊಂಡು ಹೋಗುತ್ತಿದ್ದರು. ಕರಿಬೇವು ತಿಂದ ಬಾಯಿ ಎಷ್ಟೆಂದು ಬೈದೀತು?

ಎರಡನೆಯ ಸಲ ಅದೇ ಕೆರೆಯ ಸಂಬಂಧ ತಂದೆ. ನಿಂಬೆಹಣ್ಣಿನ ಬಣ್ಣದ, ನೋಡಿದರೆ ಅಯ್ಯೋ ಪಾಪ ಎನ್ನಿಸುವ ಸಿಕ್ಲಿಡ್. ನೀರು ಕೂಡಿತು, ಊರು ಕೂಡಿತು, ಮನಸ್ಸು ಕೂಡಲಿಲ್ಲ. ಸಾಹೇಬ ಇಡೀ ತೊಟ್ಟಿಯನ್ನು ತನ್ನ ಹೆಸರಿಗೆ ಬರೆಸಿಕೊಂಡವನಂತೆ ಅದನ್ನು ಅಟ್ಟಾಡಿಸುತ್ತಿದ್ದ. ಹಳದಿ ಮೀನು ಮೂಲೆಯ ಪೈಪಿನ ಹಿಂದೆ ಅಡಗಿ ಕೂತು ನನ್ನ ಕಡೆ ನೋಡುತ್ತಿತ್ತು. ಆ ನೋಟ ನನಗೆ ಪರಿಚಿತ. ನಾನು ಮಾಡಿಸಿದ ಒಂದೆರಡು ಮದುವೆಗಳ ಹುಡುಗಿಯರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹಾಗೇ ನೋಡುತ್ತಾರೆ.

ಈ ರಗಳೆಯ ನಡುವೆ, ಅಪರೂಪಕ್ಕೆ ಒಂದು ನಿಜವಾದ ಸಂಬಂಧ ಕೂಡಿಬಂತು. ಹುಡುಗಿ ಸಾಯಗಾಂವದ ವೈಶಾಲಿ, ಭಾಲ್ಕಿಯಲ್ಲಿ ನರ್ಸ್. ಹುಡುಗ ಮಿಲಿಂದ, ಔರಾದ ಕಡೆಯ ಹಳ್ಳಿಯವನು, ಅಲ್ಲೇ ಸಾಲೆಯ ಮಾಸ್ತರ. ಇಬ್ಬರ ಊರಲ್ಲೂ ಬಂದ ಬೀಗರಿಗೆ ಕಾಲು ತೊಳೆಯಲು ನೀರಿಲ್ಲವಾದ್ದರಿಂದ ನೋಡುವ ಶಾಸ್ತ್ರ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ನಾನು ಚುರುಮುರಿ ನೆನೆಸಿ ಸುಸಲಾ ಮಾಡಿ ತಟ್ಟೆಗಳನ್ನಿಟ್ಟೆ. ಮಾತು ಶುರುವಾದದ್ದೇ ಬೋರ್‌ವೆಲ್ಲಿನಿಂದ. ಹುಡುಗಿಯ ತಾಯಿ ಶಾಂತಾಬಾಯಿ ಮುಖ ಗಂಟಿಕ್ಕಿಕೊಂಡೇ ಕೂತಿದ್ದರು.

"ಹುಡುಗ ಛಲೋ ಅದಾನ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಮಗಳು ಡ್ಯೂಟಿ ಮುಗಿಸಿ ಬಂದು ಮತ್ತ ಮೈಲುಗಟ್ಟಲೆ ಕೊಡ ಹೊರಬೇಕೇನ್ರಿ?" ಎಂದರು.

ಮಿಲಿಂದನ ತಂದೆ ತಲೆ ತಗ್ಗಿಸಿದರು. ಆಯಿತು, ಇದೂ ಮುರಿಯಿತು ಎಂದುಕೊಳ್ಳುತ್ತಿದ್ದಂತೆ ತೊಟ್ಟಿಯಲ್ಲಿ ದಡಬಡ ಸಪ್ಪಳ. ಸಾಹೇಬನ ಕಾಟ ತಾಳದೆ ಹಳದಿ ಮೀನು ಮುಚ್ಚಳದ ಸಂದಿಯಿಂದ ಹಾರಿ, ಶಾಂತಾಬಾಯಿಯವರ ಸುಸಲಾದ ತಟ್ಟೆಯಲ್ಲಿ ಬಿತ್ತು!

ಶಾಂತಾಬಾಯಿ ಚೀರಿ ಎದ್ದರು. ವೈಶಾಲಿ ಮಾತ್ರ ಎದ್ದವಳೇ ಸೆರಗು ಸಿಕ್ಕಿಸಿ, ಆಗತಾನೆ ಹುಟ್ಟಿದ ಕೂಸನ್ನು ಎತ್ತುವಂತೆ ಎರಡೂ ಅಂಗೈಯಲ್ಲಿ ಮೀನನ್ನು ಎತ್ತಿಕೊಂಡಳು.

"ನೀರು, ನೀರು!" ಎಂದಳು.

ಮಿಲಿಂದ ತನಗೆ ಕುಡಿಯಲು ಕೊಟ್ಟಿದ್ದ ತಂಬಿಗೆಯನ್ನೇ ಮುಂದೆ ಹಿಡಿದ. ಮೀನು ತಂಬಿಗೆಯೊಳಗೆ ಇಳಿಯಿತು. ಅದನ್ನು ಮರಳಿ ಬಿಡುವ ಮೊದಲು ಸಾಹೇಬನನ್ನು ಹಿಡಿದು ಬಕೆಟ್ಟಿಗೆ ಹಾಕಬೇಕೆಂದು ಇಬ್ಬರೂ ತೊಟ್ಟಿಗೆ ಕೈ ಹಾಕಿದರು. ಅವನೋ ಕಲ್ಲಿನ ಸಂದಿಯಿಂದ ಸಂದಿಗೆ ನುಸುಳುತ್ತಾನೆ. ಕೊನೆಗೆ ಒಂದೂ ಬಿಡದೆ ಕಲ್ಲುಗಳನ್ನೆಲ್ಲ ಹೊರಗೆ ತೆಗೆದ ಮೇಲೆಯೇ ಅವನು ಸಿಕ್ಕಿದ್ದು. ಆಮೇಲೆ ಕಲ್ಲು ಜೋಡಿಸುವುದರಲ್ಲಿ ಜಗಳ.

"ದೊಡ್ಡದು ಅಲ್ಲಿ ಇಡಬ್ಯಾಡ್ರಿ, ಬೀಳ್ತದ," ಎಂದಳು ಅವಳು.

"ಬೀಳಂಗಿಲ್ರಿ, ನಾ ಒತ್ತಿ ಇಟ್ಟೀನಿ," ಎಂದ ಅವನು. ಕಲ್ಲು ಬಿತ್ತು. ಅವನೇ ಮೊದಲು ನಕ್ಕ. ಅದು ನನಗೆ ಹಿಡಿಸಿತು. ಅವಳಿಗೂ ಹಿಡಿಸಿತೆಂದು ಕಾಣುತ್ತದೆ.

ಮೊಣಕೈವರೆಗೆ ಒದ್ದೆಯಾದ ಕೈ ಒರೆಸಿಕೊಳ್ಳುತ್ತ ವೈಶಾಲಿ ತಾಯಿಯ ಕಡೆ ತಿರುಗಿದಳು. "ಅವ್ವಾ, ನೀರು ತರೋದು ನನ್ನೊಬ್ಬಾಕಿ ಕೆಲಸ ಏನ? ಇವರು ಒಂದು ಕೊಡ ಹೊತ್ರ ನಾನೂ ಒಂದು ಹೊರ್ತೇನಿ."

"ನಾ ಎರಡು ಹೊರ್ತೇನ್ರಿ," ಎಂದ ಮಿಲಿಂದ, ಸಾಲೆಯ ಹುಡುಗ ಎದ್ದು ನಿಂತು ಉತ್ತರ ಹೇಳುವಂತೆ. "ಸೈಕಲ್ ಮ್ಯಾಲ ನಾಕು."

ಶಾಂತಾಬಾಯಿ ಮಗಳ ಮುಖವನ್ನೂ ಹುಡುಗನ ಒದ್ದೆ ಅಂಗಿಯನ್ನೂ ನೋಡಿದರು. ಆಮೇಲೆ, "ಮೌಶಿ, ನನಗೊಂದು ಬ್ಯಾರೆ ತಟ್ಟಿ ಸುಸಲಾ ಕೊಡ್ರಿ," ಎಂದರು. ನನ್ನ ಕಣ್ಣು ತುಂಬಿ ಬಂತು. ನಮ್ಮ ಕಡೆ ಬೀಗರು ಮತ್ತೊಮ್ಮೆ ಬಡಿಸಿಕೊಂಡರೆ ಮಾತು ಮುಗಿದಂತೆಯೇ.

ಅವರಿಬ್ಬರ ಮದುವೆ ಸರಳವಾಗಿ ಆಯಿತು. ಇತ್ತ ತೊಟ್ಟಿಯಲ್ಲೂ ಪವಾಡ ನಡೆದಿತ್ತು. ಕಲ್ಲುಗಳ ಜಾಗ ಬದಲಾದ್ದರಿಂದ ಸಾಹೇಬ ತನ್ನ ಸರಹದ್ದು ಎಲ್ಲಿ ಎಂಬುದೇ ತಿಳಿಯದೆ ಎರಡು ದಿನ ಪೆಚ್ಚಾಗಿ ತಿರುಗಿದ. ಇದನ್ನು ಸಂಜುಗೆ ಫೋನಿನಲ್ಲಿ ಹೇಳಿದಾಗ ಅವನು, "ಇದೇ ಟೈಮಿಗೆ ಅದೇ ಕೆರಿದು ಇನ್ನೊಂದಿಷ್ಟು ಮೀನು ಬಿಡ್ರಿ ಮೌಶಿ. ಒಂದೇ ಇದ್ರ ಅದನ್ನ ಕಾಡ್ತದ, ಹತ್ತಾರು ಇದ್ರ ಯಾರನ್ನ ಕಾಡಬೇಕಂತ ತಿಳಿಯಂಗಿಲ್ಲ. ಒಂದು ಗಂಡಿಗೆ ಮೂರು ನಾಕು ಹೆಣ್ಣು ಇರ್ಲಿ," ಎಂದ. ಒಂದಕ್ಕೊಂದು ಎಂದು ಜೀವಮಾನವಿಡೀ ಗಂಟು ಹಾಕಿದವಳು ನಾನು! ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಮತ್ತ ನಿಜಾಮರ ಕಾಲ ಬಂತು," ಎಂದರು. ನಾಚಿಕೆ ನುಂಗಿಕೊಂಡು ಖದೀರಭಾಯಿಯ ಅಂಗಡಿಯಿಂದ ದಿಬ್ಬಣವನ್ನೇ ತಂದೆ. ಸಣ್ಣಪುಟ್ಟ ಗುದ್ದಾಟ ಬಿಟ್ಟರೆ ಎಲ್ಲ ಸುಸೂತ್ರವಾಯಿತು. ವೈಶಾಲಿ, ಮಿಲಿಂದರ ಮದುವೆಯ ಸುದ್ದಿ ಹಬ್ಬಿ ನನ್ನ ಮಾರ್ಕೆಟ್ಟೂ ಏರಿತು. ಹೆಣ್ಣು ಗಂಡಿನ ಕಡೆಯವರು ಹುಡುಕಿಕೊಂಡು ಬರತೊಡಗಿದರು.

ಮುಂದಿನ ಮಳೆಗಾಲ ಹನಿ ಹಾಕಿತು. ಬಗದಲ್‌ನಿಂದ ಒಂದು ಕುಟುಂಬ ಮಗನ ಸಂಬಂಧ ಕೇಳಲು ಬರುವ ದಿನವೇ ಸಾಹೇಬನ ಆರೋಗ್ಯ ಪೂರ್ತಿ ಕೆಟ್ಟಂತೆ ಕಂಡಿತು. ಕೆಲವು ದಿನಗಳಿಂದ ಅವನು ಅನ್ನ ನೀರು ಬಿಟ್ಟವನಂತೆ ಗುಹೆಯಲ್ಲಿ ಕೂತಿದ್ದ. ಗದ್ದ ಊದಿಕೊಂಡಿತ್ತು. ಗಾಬರಿಯಾಗಿ ಸಂಜುಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ಗಾಜಿಗೆ ಹಿಡಿದೆ. ಅವನು ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಮೌಶಿ, ಇದಕ್ಕ ಏನೂ ಆಗಿಲ್ಲ. ಇವುಗಳೊಳಗ ಹೆಣ್ಣು ತತ್ತಿ ಬಾಯಾಗ ಇಟ್ಕೊಂಡು ಮರಿ ಮಾಡ್ತದ. ನನಗೂ ಇಷ್ಟು ದಿನ ಗೊತ್ತಾಗಿರಲಿಲ್ಲ. ನಿಮ್ಮ ಸಾಹೇಬ ಗಂಡಲ್ರಿ, ಹೆಣ್ಣು!"

ಫೋನು ಕೈಯಲ್ಲೇ ಉಳಿಯಿತು. ಇವಳಿಗೆ ಹೆಂಡತಿ ಹುಡುಕಲು ನಾನು ಆ ಬಿಸಿಲಿನಲ್ಲಿ ಚೌಬಾರಾದ ಸುತ್ತ ಎಷ್ಟು ಸಲ ತಿರುಗಿದ್ದೆ! ಅಷ್ಟರಲ್ಲಿ ಬಾಗಿಲಲ್ಲಿ ಬಗದಲ್‌ನವರು ಚಪ್ಪಲಿ ಬಿಡುತ್ತಿದ್ದರು. ಹಿರಿಯರೊಬ್ಬರು ಕೂರುತ್ತಲೇ ಕೈಮುಗಿದು, "ಮೌಶಿ, ನಿಮ್ಮ ಹೆಸರು ಭಾಳ ಕೇಳೀವ್ರಿ. ನೀವು ಒಮ್ಮಿ ನೋಡಿದ್ರ ಸಾಕು, ಯಾರು ಹ್ಯಾಂಗ ಅಂತ ಹೇಳ್ತೀರಂತ," ಎಂದರು.

ಇನ್ನೂ ನಗುತ್ತಿದ್ದ ಸಂಜುವನ್ನು ಫೋನಿನ ಸಮೇತ ಸೆರಗಿನಡಿ ಮುಚ್ಚಿಕೊಂಡೆ. ತೊಟ್ಟಿಯ ಪಕ್ಕದ ಕುರ್ಚಿಯಿಂದ ನಮ್ಮ ಯಜಮಾನರೇ ನನ್ನ ಪರವಾಗಿ ಉತ್ತರ ಕೊಟ್ಟರು:

"ಹೇಳ್ತಾಳ್ರಿ. ಒಂದು ವರ್ಷ ಟೈಮ್ ಕೊಡಬೇಕು, ಅಷ್ಟೇ."